ಲಾರಿ ಬಿಡಲು ಒಂದು ಮುಖ

ಆಸ್ಪತ್ರೆಯ ಬೆಂಚಿನಲ್ಲಿ ಕೈಯ ಪಟ್ಟಿ ಬದಲಿಸಲು ಕಾದಿದ್ದ ದರ್ಜಿಯ ಕಿವಿ ನಿಮಿರಿತು. ಪಕ್ಕದಲ್ಲಿ ಕೂತಿದ್ದ ಗೋದಾಮಿನ ಲೆಕ್ಕದಾಕೆಯ ಮುಂದೆ ಅವಳ ಆಫೀಸಿನವನೊಬ್ಬ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದ.

“ಅಕ್ಕಾ, ಒಂದ್ಸಲ ಇದಕ್ಕೆ ಮುಖ ತೋರಿಸಿ, ನಿಮ್ಮ ಲಾಗಿನ್ ತೆರೀಬೇಕು. ಲಾರಿ ಗೇಟಲ್ಲೇ ನಿಂತಿದೆ.”

“ಒಳಗೆ ನನ್ನ ಗಂಡನ ಎದೆ ಕೊಯ್ತಿದ್ದಾರೆ. ನಿನಗೆ ಲಾರಿ ಚಿಂತೆ!”

“ಮೊದಲಾದ್ರೆ ಫೋನಲ್ಲೇ ಪಾಸ್‌ವರ್ಡ್ ಹೇಳ್ತಿದ್ರಿ...”

“ಅದನ್ನ ನಾನು ಊರಿಗೆಲ್ಲ ಹಂಚಿದೆ ಅಂತ ತಾನೇ ಸಾಹೇಬ್ರು ಪಾಸ್‌ವರ್ಡ್ ಕಿತ್ತು ಮುಖ ಇಟ್ಟಿದ್ದು? ಈಗ ಮುಖಾನೂ ಕೊಯ್ದು ಕೊಡ್ಲಾ?”

“ನನ್ನ ಮೇಲೆ ಯಾಕಕ್ಕಾ ಹರಿಹಾಯ್ತೀರಿ?”

ಅವಳು ಪರದೆಯನ್ನು ದುರುಗುಟ್ಟಿ ನೋಡಿದಳು. ಮತ್ತೊಮ್ಮೆ ನೋಡಿದಳು.

“ಗುರುತು ಸಿಗ್ತಿಲ್ಲ. ಅತ್ತೂ ಅತ್ತೂ ಮುಖ ಊದಿದೆ. ಸ್ವಲ್ಪ ಅಳು ನಿಲ್ಲಿಸ್ತೀರಾ ಅಕ್ಕಾ?”

ಒಳಗಿಂದ ನರ್ಸ್ ಲೆಕ್ಕದಾಕೆಯನ್ನು ಕರೆದಳು. ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡು ಎದ್ದಳು.

“ಇವತ್ತು ನಾನು ನಿಮ್ಮ ಆಫೀಸಿನವಳಲ್ಲ ಅಂತ ಆ ಯಂತ್ರಕ್ಕೂ ಗೊತ್ತಾಯ್ತು ಕಣೋ. ನಿಮಗೆ ಗೊತ್ತಾಗ್ಲಿಲ್ಲ.”