ಬಲಕ್ಕೆ ಸರಿಸಿದ ಹನ್ನೊಂದು ಹೆಸರು

ನಮ್ಮ ಸಂಘದ ಅಧ್ಯಕ್ಷರಾದ ಮಹಾದೇವಪ್ಪನವರೇ, ನಾಶಿಕದಿಂದ ಬಂದ ಅತಿಥಿಗಳೇ, ಓಝರ್ ಕನ್ನಡ ಸಂಘದ ಸಭಿಕರೇ, ಮತ್ತು ಮೂರನೇ ಸಾಲಿನಲ್ಲಿ ಕುಳಿತು 'ಬೇಗ ಮುಗಿಸು' ಎಂದು ಕೈಸನ್ನೆ ಮಾಡುತ್ತಿರುವ ನನ್ನ ಯಜಮಾನರಾದ ಚೇತನ ಅವರೇ,

ನಮ್ಮ ಮದುವೆಯಾಗಿ ಐದು ತಿಂಗಳು. ಇವರು ಪೈಠಣಿ ಸೀರೆಯ ಜೊತೆಗೆ ನನಗೆ ಕೊಟ್ಟ ಇನ್ನೊಂದು ಉಡುಗೊರೆ, ಮೊಬೈಲಿನಲ್ಲಿ ಒಂದು ಇಮೇಲ್ ಆಪ್. ಎಷ್ಟು ಚೆಂದದ ಆಪ್ ಅಂತೀರಿ! ಒಂದೇ ತರಹದ ಮೇಲ್‌ಗಳನ್ನೆಲ್ಲ ಒಂದೇ ಕಟ್ಟು ಮಾಡಿಡುತ್ತದೆ. ಕಟ್ಟನ್ನು ಬಲಕ್ಕೆ ಸರಿಸಿದರೆ ಕಣ್ಣೆದುರಿನಿಂದ ತೆಗೆದು 'ಮುಗಿಯಿತು' ಎನ್ನುತ್ತದೆ. ಆ ಒಂದು ಮಾತು ಕೇಳಲು ನಾನು ಏನೇನು ಸರಿಸಿದೆನೋ!

ಅದೇ ಹೊತ್ತಿಗೆ ಅಧ್ಯಕ್ಷರು ಸಂಘದ ಇಮೇಲ್ ನೋಡುವ ಕೆಲಸವನ್ನು ನನಗೆ ಒಪ್ಪಿಸಿದರು. ಭಾನುವಾರದ ಕನ್ನಡ ತರಗತಿಗೆ ಹತ್ತು ಮಕ್ಕಳ ಹೆಸರು ಬರಬೇಕಿತ್ತು. ಬಾರದಿದ್ದರೆ ತರಗತಿ ನಿಲ್ಲುತ್ತಿತ್ತು. ಕೊನೆಯ ದಿನ ನಾನು, "ಮೂರೇ ಬಂದಿವೆ ಸರ್, ನಮ್ಮವರಿಗೆ ಕನ್ನಡದ ಮೇಲೆ ಪ್ರೀತಿಯೇ ಇಲ್ಲ" ಎಂದೆ. ಎಷ್ಟು ದೊಡ್ಡ ಮಾತು! ಅಧ್ಯಕ್ಷರು ತರಗತಿ ನಿಲ್ಲಿಸುವ ಸೂಚನೆ ಬರೆಯಲು ಕುಳಿತರು.

ಮರುದಿನ ತರಕಾರಿ ಅಂಗಡಿಯ ಮುಂದೆ ಬೀದರಿನ ಸಂಗಮ್ಮನವರು ತಡೆದರು.

"ಏನವ್ವಾ ಭಾರ್ಗವಿ, ನಮ್ಮ ಮೊಮ್ಮಗಳ ಹೆಸರು ಹಚ್ಚಿಯೋ ಇಲ್ಲೋ?"

"ನಿಮ್ಮ ಮೇಲ್ ಬಂದೇ ಇಲ್ರಿ ಆಯಿ."

"ಬಂದಿಲ್ಲಂದ್ರ? ಮ್ಯಾಲೆ ದೇವರ ಹೆಸರು ಬರದು ಕಳಿಸೀವಿ. ಪ್ರಸಾದಂತ ತಿಳಿದು ಬದಿಗಿಟ್ಟಿ ಏನು?"

ಅಲ್ಲೇ ಮೊಬೈಲ್ ತೆರೆದು, 'ಮುಗಿಯಿತು' ಎಂದಿದ್ದ ಕಟ್ಟುಗಳಲ್ಲಿ ಹುಡುಕಿದೆ. ಕಾಗದದ ನೆತ್ತಿಯಲ್ಲಿ ಬರೆಯುವ ಹಾಗೆ, ಹನ್ನೊಂದು ಮನೆಯವರು ಮೇಲ್‌ನ ವಿಷಯದ ಜಾಗದಲ್ಲಿ 'ಶ್ರೀ ಗುರುಬಸವಲಿಂಗಾಯ ನಮಃ' ಎಂದಷ್ಟೇ ಬರೆದಿದ್ದರು; ಮಕ್ಕಳ ಹೆಸರು ಒಳಗಿತ್ತು. ಆಪ್ ಹನ್ನೊಂದನ್ನೂ ಒಂದೇ ಕಟ್ಟು ಮಾಡಿತ್ತು. ನಾನು ಒಂದೇ ಬೆರಳಿನಲ್ಲಿ ಬಲಕ್ಕೆ ಸರಿಸಿದ್ದೆ.

ಅಧ್ಯಕ್ಷರ ಮನೆಗೆ ಓಡಿದೆ. ಅವರು ಸೂಚನೆ ಹರಿದು ಹಾಕಿ, "ಹದಿನಾಲ್ಕು ಮಕ್ಕಳೇನವ್ವಾ! ಬೆಂಚ್ ಸಾಲಂಗಿಲ್ಲ ನೋಡು" ಎಂದು ನಕ್ಕರು.

ಹಬ್ಬದ ಶುಭಾಶಯ ಎಂದುಕೊಂಡು ಸರಿಸಿದೆ ಎಂದು ಆಗ ಎಲ್ಲರಿಗೂ ಹೇಳಿದ್ದೆ. ತಪ್ಪು ಆಪಿನದೇ? ಅಲ್ಲ. ಆ ಕಟ್ಟನ್ನು ನಾನು ತೆರೆದಿದ್ದೆ. ಉದ್ದುದ್ದ ಕನ್ನಡ ಸಾಲುಗಳನ್ನು ಕಂಡು ಹೆದರಿ ಮುಚ್ಚಿದೆ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನಾನು ಕನ್ನಡವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬೇಕು. ಈ ಭಾಷಣವನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದೇನೆ. ಇದು ನನ್ನ ಗಂಡನಿಗೂ ಈಗಲೇ ಗೊತ್ತಾಗುತ್ತಿದೆ. ನೋಡಿ, ಕೈಸನ್ನೆ ನಿಂತಿತು!

ಅಧ್ಯಕ್ಷರೇ, ದಯವಿಟ್ಟು ಹದಿನೈದನೆಯ ಹೆಸರು ಬರೆದುಕೊಳ್ಳಿ. ಭಾರ್ಗವಿ, ವಯಸ್ಸು ಇಪ್ಪತ್ತೈದು. ಬೆಂಚ್ ಸಾಲದಿದ್ದರೆ ಸಂಗಮ್ಮನವರ ಮೊಮ್ಮಗಳ ಪಕ್ಕ ಜಮಖಾನೆಯ ಮೇಲೆ ಕೂರುತ್ತೇನೆ.

ನಗದೆ ಕೇಳಿದವರಿಗೂ ನಗುತ್ತ ಕೇಳಿದವರಿಗೂ ಧನ್ಯವಾದ. ಭಾನುವಾರ ಸಿಗೋಣ. ನಮಸ್ಕಾರ.