ಪೆನ್‌ಡ್ರೈವಿನ ಎರಡನೇ ಫೈಲು

ಊರಿನಲ್ಲಿ ಎಲ್ಲರೂ ಮೈಕಕ್ಕ ಎಂದು ಕರೆಯುವ, ನಲವತ್ತೊಂದು ವರ್ಷ ವಯಸ್ಸಿನ, ಪ್ರಚಾರ ವಾಹನಕ್ಕೆ ಧ್ವನಿ ಕೊಡುವ ಉದ್ಯೋಗದ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಗಂಡ ಮತ್ತು ಅತ್ತೆಯವರ ಜೊತೆ ವಾಸವಿರುವ ನಾನು, ಈ ದಿನ ಎರಡನೆಯ ಸಲ ಠಾಣೆಗೆ ಹಾಜರಾಗಿ, ಬೆಳಿಗ್ಗೆ ಹನ್ನೊಂದು ಗಂಟೆಗೆ ಬರೆಸಿದ್ದ ದೂರು ತಪ್ಪೆಂದು ಒಪ್ಪಿ, ಅದರ ಜಾಗದಲ್ಲಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮದು ಒಂದು ಪ್ರಚಾರ ವಾಹನವಿರುತ್ತದೆ. ಅಂಗಡಿಯವರು ಹೇಳಿದ್ದನ್ನು ನಾನು ಮನೆಯಲ್ಲಿ ರೆಕಾರ್ಡ್ ಮಾಡುತ್ತೇನೆ, ಗಂಡ ಅದನ್ನು ವಾಹನದಲ್ಲಿ ಹಾಕಿಕೊಂಡು ಬೀದಿ ಬೀದಿ ಓಡಿಸುತ್ತಾರೆ. ರೆಕಾರ್ಡ್ ಮಾಡುವುದು ಮಲಗುವ ಕೋಣೆಯ ಗೋಡೆ ಬೀರುವಿನಲ್ಲಿ. ಬಟ್ಟೆಗಳ ನಡುವೆ ಮೈಕು ಇಟ್ಟರೆ ದನಿ ಗುಂಯ್ ಎನ್ನುವುದಿಲ್ಲ. ಮೈಕಿನ ಪಕ್ಕದಲ್ಲಿ ಸಣ್ಣ ರೆಕಾರ್ಡರ್, ಅದಕ್ಕೆ ಸಿಕ್ಕಿಸಿದ ಪೆನ್‌ಡ್ರೈವ್. ಐದು ನಿಮಿಷಕ್ಕೊಂದರಂತೆ ರೆಕಾರ್ಡರ್ ತಾನಾಗಿಯೇ ಒಂದು ಫೈಲು ಮುಗಿಸಿ ಮುಂದಿನದನ್ನು ಶುರು ಮಾಡುತ್ತದೆ. ನಡೆಯುತ್ತಿರುವಾಗ ಅದರಲ್ಲಿ ಕೆಂಪು ದೀಪ ಉರಿಯುತ್ತದೆ. ಆ ದೀಪ ಕಣ್ಣಿಗೆ ಹೊಡೆಯುತ್ತದೆಂದು ನಾನೇ ಅದರ ಮೇಲೆ ಕಪ್ಪು ಟೇಪು ಅಂಟಿಸಿದ್ದೆನು.

ಪೆನ್‌ಡ್ರೈವ್ ಕಿರುಬೆರಳಿನಷ್ಟಿದ್ದು, ಕಪ್ಪು ಬಣ್ಣದ್ದು, ಕೆಂಪು ದಾರ ಕಟ್ಟಿದ್ದು, ಮುಚ್ಚಳ ಇಲ್ಲದ್ದು. ಮುಚ್ಚಳವನ್ನು ಯಾರೋ ಬೇಕೆಂದೇ ಎತ್ತಿದ್ದಾರೆಂದು ಒಂದು ವಾರ ಮನೆಯವರನ್ನೆಲ್ಲ ಜಾಲಾಡಿದ್ದೆ. ಆಮೇಲೆ ಅದು ಒಗೆದ ಪ್ಯಾಂಟಿನ ಜೇಬಿನಲ್ಲಿ ಸಿಕ್ಕಿತು, ಮತ್ತೆ ಕಳೆಯಿತು. ಅನುಮಾನ ನನ್ನ ಹುಟ್ಟುಗುಣ. ಸಕ್ಕರೆ ಡಬ್ಬಿಗೆ ಒಳಗಿನಿಂದ ಪೆನ್ಸಿಲ್ ಗೆರೆ ಹಾಕಿಡುವವಳು ನಾನು. ಇದನ್ನು ಬರೆದುಕೊಳ್ಳುತ್ತಿರುವವರು ಇಲ್ಲಿ ನಕ್ಕರು. ನಕ್ಕಿದ್ದನ್ನೂ ಬರೆಯಿರಿ ಎಂದು ಹೇಳಿದೆನು.

ನನ್ನ ತಾಯಿ ತೀರಿಕೊಂಡಾಗ ಒಂದು ಜೊತೆ ಚಿನ್ನದ ಬಳೆ ಬಿಟ್ಟುಹೋದರು. ಆಳಿಗೊಂದು ಹಂಚಿಕೊಂಡರೆ ಒಂಟಿ ಬಳೆ ಸದ್ದು ಮಾಡುವುದಿಲ್ಲವೆಂದು, ನಾನೂ ನನ್ನ ತಂಗಿಯೂ ವರ್ಷಕ್ಕೊಬ್ಬರಂತೆ ಜೊತೆಯನ್ನೇ ತೊಡುತ್ತಿದ್ದೆವು. ಕಳೆದ ವರ್ಷದ ಸರದಿ ನನ್ನದಾಗಿತ್ತು. ತಂಗಿ ತನ್ನ ಸರದಿ ಬಂತೆಂದು ಕೇಳಲು ಮನೆಗೆ ಬಂದು ಹೋದ ಮರುದಿನ ನೋಡಿದರೆ, ಮೇಲೆ ಹೇಳಿದ ಬೀರುವಿನಲ್ಲಿ ಬಳೆ ಇರಲಿಲ್ಲ. ಅಂದು ನನ್ನ ಗಂಡ, ನಿನ್ನೆ ನಿನ್ನ ತಂಗಿ ಬಂದಿದ್ದಳಲ್ಲವೇ ಎಂದು ಕೇಳಿದರು. ಅಷ್ಟೇ ಕೇಳಿದ್ದು. ಸಂಜೆಯೊಳಗೆ ನಾನು ಈ ಠಾಣೆಗೆ ಬಂದು ತಂಗಿಯ ಮೇಲೆ ದೂರು ಕೊಟ್ಟೆನು. ಮರುದಿನ ಅವಳನ್ನು ಕರೆಸಿ, ಕಿಟಕಿ ಪಕ್ಕದ ಬೆಂಚಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಿಸಿದರು. ಏನೂ ಸಿಗದ ಕಾರಣ ಕಳುಹಿಸಿದರು. ದೂರು ಮಾತ್ರ ಹಾಗೆಯೇ ಉಳಿದಿದೆ.

ನನ್ನ ತಂಗಿಯ ಉದ್ಯೋಗ ಪರದೆ ಹೊಲಿಯುವುದು. ಮನೆಗಳಿಗೆ ಹೋಗಿ, ಒಳಕೋಣೆಯವರೆಗೂ ನಡೆದು, ಕಿಟಕಿಗಳ ಅಳತೆ ತೆಗೆದುಕೊಳ್ಳಬೇಕಾದ ಕೆಲಸ. ಈ ದೂರಿನ ನಂತರ ಜನ ಅವಳನ್ನು ಗೇಟಿನ ಆಚೆಯೇ ನಿಲ್ಲಿಸಿ ಅಳತೆ ಹೇಳುತ್ತಾರೆ. ತಪ್ಪು ಅಳತೆಗೆ ಹೊಲಿದ ಪರದೆಗಳನ್ನು ಅವಳ ತಲೆಗೇ ಕಟ್ಟುತ್ತಾರೆ. ಇದು ನನಗೆ ತಿಳಿದಿತ್ತು. ಮಾಡಿದ್ದುಣ್ಣೋ ಮಹಾರಾಯ ಎಂದು ನಾನೇ ನಾಲ್ಕು ಜನರೆದುರು ಆಡಿದ್ದೂ ಉಂಟು.

ಬಳೆ ಹೋದ ತಿಂಗಳೊಳಗೆ ನಮ್ಮ ವಾಹನದ ಮೇಲೆ ಎರಡು ಹೊಸ ಹಾರ್ನ್ ಸ್ಪೀಕರ್ ಬಂದವು. ಕಂತಿನ ಮೇಲೆ ತಂದೆನೆಂದು ಗಂಡ ಹೇಳಿದರು. ಸಕ್ಕರೆ ಅಳೆಯುವ ನಾನು ಆ ಮಾತಿಗೆ ಒಂದು ಪ್ರಶ್ನೆಯನ್ನೂ ಹಾಕಲಿಲ್ಲ. ಹೊಸ ಹಾರ್ನಿನ ಸದ್ದು ಎಷ್ಟು ಜೋರೆಂದರೆ, ಅಂದಿನಿಂದ ಗಂಡ ಎರಡೂ ಕಿವಿಗೆ ಹತ್ತಿ ತುರುಕಿಕೊಂಡೇ ವಾಹನ ಓಡಿಸುತ್ತಾರೆ.

ಈ ದಿನ ಬೆಳಿಗ್ಗೆ ಎಂಟೂ ನಲವತ್ತಕ್ಕೆ ಹಾಸಿಗೆ ಅಂಗಡಿಯ ಪ್ರಚಾರ ರೆಕಾರ್ಡ್ ಮಾಡಲು ಕೂತೆನು. “ಬೆನ್ನು ನೋವೇ? ನಿದ್ದೆ ಬಾರದೇ? ಬನ್ನಿ, ಮಲಗಿ ನೋಡಿ, ಆಮೇಲೆ ಕೊಳ್ಳಿ” ಎಂಬುದನ್ನು ಐದಾರು ಸಲ ಹೇಳಿ ಮುಗಿಸುವಷ್ಟರಲ್ಲಿ ಹಾಸಿಗೆ ಅಂಗಡಿಯವರ ಫೋನ್ ಬಂತು. ಕರಪತ್ರ ಅಚ್ಚಾಗಿ ಬಂದಿದೆ, ಹೆಸರು ತಲೆಕೆಳಗಾಗಿದೆ, ಬೇಗ ಬಾರಕ್ಕಾ ಎಂದರು. ನಾನು ಎದ್ದು ಹೊರಟೆನು. ರೆಕಾರ್ಡರ್ ನಿಲ್ಲಿಸಿದೆನೆಂದೇ ನಂಬಿದ್ದೆ. ಹೊರಡುವಾಗ ಗಂಡನಿಗೆ, ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ, ಸೇತುವೆ ದಾಟಿ ಕೊನೆಯ ಬೀದಿಯವರೆಗೂ ಹೋಗಿ ಬನ್ನಿ ಎಂದು ಹೇಳಿದೆನು. ಯಾವತ್ತೂ ಕೇಳಿ ನೋಡದೆ ಕೊಡುವವಳಲ್ಲ, ಇವತ್ತು ಕೊಟ್ಟೆ.

ಹತ್ತೂವರೆಗೆ ಹಾಸಿಗೆ ಅಂಗಡಿಯಿಂದ ಮನೆಗೆ ಮರಳುವಾಗ ತರಕಾರಿ ಅಂಗಡಿಯ ಮುಂದೆ ನಿಂತಿದ್ದವರೆಲ್ಲ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಒಬ್ಬರು ಬದನೆಕಾಯಿಯನ್ನೇ ತಿರುಗಿಸಿ ತಿರುಗಿಸಿ ನೋಡತೊಡಗಿದರು. ಕೆಳಗಿನ ಔಷಧಿ ಅಂಗಡಿಯವರು ನನ್ನನ್ನು ಕರೆದು, “ಏನಕ್ಕಾ, ಈ ಸಲ ನಾಟಕ ಬೇರೆ ಸೇರ್ಸಿದ್ದೀರಾ? ಚೆನ್ನಾಗಿದೆ. ಆದ್ರೆ ಹಾಸಿಗೆಗೂ ಬಳೆಗೂ ಏನು ಸಂಬಂಧ ಅಂತ ಗೊತ್ತಾಗ್ಲಿಲ್ಲ” ಎಂದು ಕೇಳಿದರು. ಬಳೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಯಾರೋ ನನ್ನ ಪೆನ್‌ಡ್ರೈವ್ ಬದಲಿಸಿ ಮಾನ ಕಳೆಯುತ್ತಿದ್ದಾರೆಂದು ತೀರ್ಮಾನಿಸಿದೆನು. ವಾಹನದಲ್ಲಿ ಏನು ಕೇಳಿಸುತ್ತಿದೆ ಎಂದು ಹೋಗಿ ಕೇಳುವ ವ್ಯವಧಾನ ನನಗಿರಲಿಲ್ಲ. ನೇರ ಠಾಣೆಗೆ ಬಂದು, ಇದು ನನ್ನ ತಂಗಿಯದೇ ಕೆಲಸ, ಹಳೆಯ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಬರೆಸಿ ಸಹಿ ಹಾಕಿದೆನು. ಅವಳ ಮೇಲೆ ಇದು ನನ್ನ ಎರಡನೆಯ ದೂರು.

ನಂತರ ಠಾಣೆಯ ಪೇದೆಯವರ ಬೈಕಿನಲ್ಲಿ ವಾಹನ ಹುಡುಕಿಕೊಂಡು ಹೊರಟೆವು. ಬಸ್ ನಿಲ್ದಾಣ, ಮಾರುಕಟ್ಟೆ, ಶಾಲೆಯ ರಸ್ತೆ, ಎಲ್ಲ ಕಡೆಯೂ ವಾಹನ ಈಗಷ್ಟೇ ಹೋಯಿತು ಎಂದರು. ಹೇಳುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಹನ್ನೊಂದೂ ಮೂವತ್ತೈದಕ್ಕೆ ನೀರಿನ ಟ್ಯಾಂಕಿನ ಬಳಿ, ಸೇತುವೆಗೆ ಸುಮಾರು ಇನ್ನೂರು ಮೀಟರ್ ಈಚೆ, ವಾಹನ ಸಿಕ್ಕಿತು. ಜನ ಮನೆಗಳಿಂದ ಹೊರಬಂದು ಸಾಲಾಗಿ ನಿಂತಿದ್ದರು. ಒಬ್ಬ ಮುದುಕರು ವಾಹನದ ಬಾಗಿಲು ಬಡಿದು, ಅಯ್ಯಾ ನಿಲ್ಲಿಸು, ನಿನ್ನ ಮನೆ ಮಾತೆಲ್ಲ ಬೀದಿಗೆ ಬಂತು ಎಂದು ಕೂಗುತ್ತಿದ್ದರು. ಗಂಡ ನಗುತ್ತಾ ಅವರ ಕೈಗೆ ವಾಹನದಲ್ಲಿದ್ದ ಹಳೆಯ ಕರಪತ್ರವೊಂದನ್ನು ಕೊಟ್ಟರು. ಕೈ ಬೀಸುವ ಮಕ್ಕಳಿಗೆ ತಾವೂ ಕೈ ಬೀಸಿದರು.

ಆಗ ಹಾರ್ನಿನಲ್ಲಿ ನನ್ನ ದನಿ ಮುಗಿದು ಎರಡನೇ ಫೈಲು ಬಂತು. ಮೊದಲು ಬೀರುವಿನ ಕೀಲು ಕಿರ್ ಎಂದಿತು. ನಂತರ ಬಂದ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಬೇಕೆಂದು ಕೋರಿದ್ದರಿಂದ ಬರೆದಿರುತ್ತಾರೆ.

ಅತ್ತೆ: “ನಿನ್ನೆ ನೋಡ್ದೆ ಕಣೋ ಆ ಹುಡುಗೀನ. ಗೇಟಿನ ಆಚೆ ನಿಲ್ಸಿ ಅಳತೆ ಹೇಳ್ತಿದ್ರು. ನನ್ ಕೈಲಿ ನೋಡಕ್ಕಾಗ್ಲಿಲ್ಲ.”

ಗಂಡ: “ನನ್ ನೀಲಿ ಶರ್ಟು ಎಲ್ಲಮ್ಮಾ?”

ಅತ್ತೆ: “ಶರ್ಟಿಗೆ ಬೆಂಕಿ ಹಾಕು. ಬಳೆ ತಗೊಂಡೋಗಿ ಮಾರ್ದೋನು ನೀನು, ಠಾಣೇಲಿ ಕೂತು ಬಂದಿದ್ದು ಅವಳು. ಈಗ್ಲಾದ್ರೂ ನಿನ್ ಹೆಂಡ್ತಿಗೆ ಹೇಳು.”

ಗಂಡ: “ಹೇಳಿ ಏನ್ ಮಾಡ್ಲಿ? ಹಾರ್ನ್ ಬಿಚ್ಚಿ ಅವಳ ಕೈಗೆ ತೊಡಿಸ್ಲಾ? ಹಳೇ ಹಾರ್ನಿಗೆ ಯಾವನು ಕೆಲ್ಸ ಕೊಡ್ತಿದ್ದ? ಮನೆಗೋಸ್ಕರ ತಾನೇ ಮಾಡಿದ್ದು?”

ಅತ್ತೆ: “ಅದಕ್ಕೆ ಆ ಪಾಪದೋಳ ಮೇಲೆ ಯಾಕೋ ಹಾಕ್ದೆ?”

ಗಂಡ: “ನಾನೆಲ್ಲಿ ಹಾಕ್ದೆ? ‘ನಿನ್ನೆ ನಿನ್ ತಂಗಿ ಬಂದಿದ್ಲಲ್ವಾ’ ಅಂದೆ, ಅಷ್ಟೇ. ಮಿಕ್ಕಿದ್ದೆಲ್ಲ ಇವಳೇ ಮಾಡ್ಕೊಂಡ್ಲು. ಇವಳಿಗೆ ಅನುಮಾನ ಪಡೋದು ಹೇಳ್ಕೊಡ್ಬೇಕಾ? ಒಂದು ಎಳೆ ಕೊಟ್ರೆ ಕಂಬಳೀನೇ ನೇಯ್ತಾಳೆ.”

ಇದಾದ ಮೇಲೆ ಶರ್ಟು ಕೊಡವಿದ ಸದ್ದು, ಅತ್ತೆಯವರ ಕೆಮ್ಮು. ಮತ್ತೆ ನನ್ನ ದನಿಯಲ್ಲಿ ಬೆನ್ನು ನೋವೇ, ನಿದ್ದೆ ಬಾರದೇ ಎಂದು ಶುರುವಾಯಿತು. ಕೂಡಿದ್ದ ಜನ ನಕ್ಕರು. ನಾನು ರಸ್ತೆಯಲ್ಲೇ ಕೂತುಬಿಟ್ಟೆನು.

ಪೇದೆಯವರು ವಾಹನದ ಬಾಗಿಲು ತೆಗೆದು, ಕಿವಿಯ ಹತ್ತಿ ತೆಗೆಯುವಂತೆ ಗಂಡನಿಗೆ ಸನ್ನೆ ಮಾಡಿದರು. ಹತ್ತಿ ತೆಗೆದ ಮೇಲೂ ಅವನಿಗೆ ಏನೂ ತಿಳಿಯಲಿಲ್ಲ. ಎರಡನೇ ಫೈಲು ಪುನಃ ಬಂದಾಗ ತಿಳಿಯಿತು. ಕೀಲಿ ತಿರುಗಿಸಿ ಎಂಜಿನ್ ಆರಿಸಿದ. ಹಾರ್ನಿಗೆ ಬೇರೆಯೇ ಬ್ಯಾಟರಿ ಇರುವುದರಿಂದ ಮಾತು ನಿಲ್ಲಲಿಲ್ಲ. ನಾನೇ ಎದ್ದು ಹೋಗಿ ಕೆಂಪು ದಾರ ಹಿಡಿದು ಪೆನ್‌ಡ್ರೈವ್ ಎಳೆದೆನು. ಮೊದಲು ಗಂಡ ಹೇಳಿದರು, ತಂದರು ಎಂದು ಬರೆಸಿ ಈಗ ಅವನು ಎನ್ನುತ್ತೀರಲ್ಲ, ತಿದ್ದಲೇ ಎಂದು ಬರೆದುಕೊಳ್ಳುತ್ತಿರುವವರು ಕೇಳಿದರು. ತಿದ್ದಬೇಡಿ ಎಂದೆನು.

ಅವನು, ಇದು ನನ್ನ ದನಿಯಲ್ಲ, ಯಾರೋ ಮಿಮಿಕ್ರಿ ಮಾಡಿ ತುಂಬಿಸಿದ್ದಾರೆ, ನಿನ್ನ ತಂಗಿಗೆ ಇಂಥವರ ಪರಿಚಯ ಇಲ್ಲವೇ ಎಂದು ಕೇಳಿದ. ಅದೇ ಮಾತು, ಅದೇ ಧಾಟಿ. ಪೇದೆಯವರೂ ಅದು ಸಾಧ್ಯವೇ ಎಂದು ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ, ನಂಬಿಬಿಡಬೇಕೆಂದು ನನಗೂ ಆಸೆಯಾಯಿತು. ನಂಬಿದ್ದರೆ ಗಂಡ ಉಳಿಯುತ್ತಿದ್ದ, ಮನೆ ಉಳಿಯುತ್ತಿತ್ತು, ತಂಗಿ ಹೇಗೂ ಗೇಟಿನ ಆಚೆಯೇ ಇದ್ದಾಳೆ. ಆದರೆ ಮಿಮಿಕ್ರಿಯವರು ನನ್ನ ಬೀರುವಿನ ಕೀಲಿನ ಸದ್ದನ್ನು ಎಲ್ಲಿಂದ ತರುತ್ತಾರೆ? ಅವನು ತೊಟ್ಟಿದ್ದದ್ದು ನೀಲಿ ಶರ್ಟು. ಅದನ್ನು ಪೇದೆಯವರಿಗೆ ತೋರಿಸಿದೆನು.

ಹನ್ನೆರಡೂ ಕಾಲಿಗೆ ಮನೆಗೆ ಹೋಗಿ, ಇದು ನಿಜವೇ ಅತ್ತೆ ಎಂದು ಕೇಳಿದೆನು. ಅವರು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಹೌದು ಎಂದರು. ನನಗೆ ಯಾಕೆ ಹೇಳಲಿಲ್ಲ ಎಂದದ್ದಕ್ಕೆ, “ನೀನು ಯಾವತ್ತು ನನ್ ಮಾತು ನಂಬಿದ್ದೀಯಮ್ಮಾ? ಸಕ್ಕರೆ ಡಬ್ಬಿ ಗೆರೆ ನಾನು ನೋಡಿಲ್ಲ ಅನ್ಕೊಂಡ್ಯಾ? ಹೇಳಿದ್ರೆ ನಾನೇ ಕದ್ದೆ ಅಂತಿದ್ದೆ” ಎಂದರು. ಅವರು ನೀರು ಕೊಟ್ಟರು, ಕುಡಿದೆನು.

ಒಂದು ಗಂಟೆಗೆ ಸೇತುವೆ ದಾಟಿ ತಂಗಿಯ ಮನೆಗೆ ನಡೆದುಹೋದೆನು. ಬಾಗಿಲಿಗೆ ಒಳಗಿನಿಂದ ಸರಪಳಿ ಹಾಕಿತ್ತು. ಅವಳು ನಾಲ್ಕು ಬೆರಳಿನಷ್ಟು ತೆರೆದು, ಮತ್ತೆ ಠಾಣೆಗೆ ಕರೆಸಿದ್ದಾರಾ ಎಂದು ಕೇಳಿದಳು. ಹೊಲಿಗೆ ಯಂತ್ರದ ಪಕ್ಕದಲ್ಲಿ, ಜನ ವಾಪಸ್ ಕೊಟ್ಟ ಪರದೆಗಳನ್ನು ಕಿಟಕಿಯ ಎತ್ತರದವರೆಗೆ ಪೇರಿಸಿಟ್ಟಿದ್ದಳು. ನಾನು ಅಳುತ್ತಲೇ ನಡೆದದ್ದೆಲ್ಲ ಹೇಳಿ, ಸಂದಿಯಿಂದ ಪೆನ್‌ಡ್ರೈವ್ ಒಳಗೆ ಚಾಚಿ, ಇದರಲ್ಲಿ ಎಲ್ಲ ಇದೆ, ನೀನೇ ಕೇಳು ಎಂದೆನು. ಅವಳು ಮುಟ್ಟಲಿಲ್ಲ. “ನಂಗ್ಯಾಕಕ್ಕಾ ಕೇಳಿಸ್ತೀಯಾ? ನಾನು ಕದ್ದಿಲ್ಲ ಅಂತ ನಂಗೆ ಮೊದ್ಲಿಂದ್ಲೂ ಗೊತ್ತು. ಗೊತ್ತಿಲ್ದೋರಿಗೆ ಕೇಳ್ಸು” ಎಂದು ಹೇಳಿ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದೂ ಕೇಳಿಸಿತು.

ಅವಳ ಎದುರುಮನೆಯವರು ಗೇಟಿನಿಂದಲೇ, ಕಳ್ಳಿಯ ಮನೆಗೆ ಅಕ್ಕ ಯಾಕೆ ಬಂದಳೋ ಎಂದು ತಮ್ಮೊಳಗೆ ಆಡಿಕೊಂಡರು. ಆಗ ನನಗೆ ಹೊಳೆಯಿತು. ಊರಿಗೆಲ್ಲ ವಾಹನ ಹೋಗಿದೆ, ಸೇತುವೆಯ ಆಚೆಗೆ ಹೋಗಿಲ್ಲ. ಅಲ್ಲಿಗೆ ತಲುಪುವ ಮುನ್ನ ನಿಲ್ಲಿಸಿದವಳು ನಾನೇ.

ಆದ್ದರಿಂದ ಕೋರುವುದೇನೆಂದರೆ, ನನ್ನ ತಂಗಿಯ ಮೇಲೆ ನಾನು ಕೊಟ್ಟ ಎರಡೂ ದೂರುಗಳನ್ನು ರದ್ದುಗೊಳಿಸಬೇಕು. ನನ್ನ ಗಂಡನ ಮೇಲೆ ಕಾನೂನಿನಂತೆ ಕ್ರಮ ಕೈಗೊಳ್ಳಬೇಕು. ಪೆನ್‌ಡ್ರೈವ್ ಹಾಜರುಪಡಿಸಿದ್ದೇನೆ, ಅದಕ್ಕೆ ರಸೀದಿಯನ್ನೂ ಕೇಳಿ ಪಡೆದಿದ್ದೇನೆ. ಠಾಣೆಯಲ್ಲಿ ವಸ್ತುಗಳು ಕಳೆಯುವುದಿಲ್ಲವೆಂದು ಅವರು ಹೇಳಿದರು, ಆದರೂ ಪಡೆದೆನು. ವಾಹನವನ್ನೂ ಹಾರ್ನುಗಳನ್ನೂ ವಶಪಡಿಸಿಕೊಳ್ಳುವುದಾಗಿ ತಿಳಿಸಿದ್ದಾರೆ. ಆ ಎರಡು ಹಾರ್ನುಗಳು ನನ್ನ ತಾಯಿಯ ಬಳೆ. ಈ ವರ್ಷದ ಸರದಿ ತಂಗಿಯದು. ವಶಪಡಿಸಿಕೊಳ್ಳುವ ಮೊದಲು ಒಂದೇ ಒಂದು ಸಲ, ಪೇದೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡಾದರೂ, ಅವುಗಳನ್ನು ಅವಳ ಬೀದಿಯಲ್ಲಿ ಕೂಗಿಸಲು ಅನುಮತಿ ಕೊಡಬೇಕು. ಎರಡನೇ ಫೈಲಿನ ಹಿಂದೆಯೇ, ಸುಳ್ಳು ದೂರು ಕೊಟ್ಟವಳು ನಾನು ಎಂದು ನನ್ನ ದನಿಯಲ್ಲಿ ಮೂರನೆಯದೊಂದನ್ನು ಹೇಳಲು ಸಿದ್ಧಳಿದ್ದೇನೆ. ಸಾಕ್ಷ್ಯವನ್ನು ಬೀದಿಯಲ್ಲಿ ನುಡಿಸುವ ಪದ್ಧತಿ ಇಲ್ಲ, ಸಾಹೇಬರನ್ನು ಕೇಳಬೇಕು ಎಂದು ತಿಳಿಸಿರುತ್ತಾರೆ. ಸಾಹೇಬರು ಬರುವವರೆಗೆ ಕಿಟಕಿ ಪಕ್ಕದ ಬೆಂಚಿನಲ್ಲಿ ಕಾಯುತ್ತೇನೆ.

ಈ ಹೇಳಿಕೆಯನ್ನು ಬರೆದುಕೊಂಡವರು ನನಗೆ ಓದಿ ಹೇಳಿದರು. ನಂಬದೆ ಕೈಗೆ ತೆಗೆದುಕೊಂಡು ನಾನೂ ಓದಿದೆನು, ಗಟ್ಟಿಯಾಗಿಯೇ ಓದಿದೆನು. ಠಾಣೆಯ ಹೊರಗಿನ ರಸ್ತೆಯವರೆಗೂ ಕೇಳಿಸುತ್ತಿದೆ, ಮೆಲ್ಲಗೆ ಓದಿ ಎಂದರು. ಕೇಳಿಸಲೆಂದೇ ಓದಿದ್ದು. ನಾನು ಹೇಳಿದಂತೆಯೇ ಇದೆ, ಹೇಳಿದ್ದೆಲ್ಲ ನಿಜವಿದೆ. ಸೇತುವೆಯ ಆಚೆಗೆ ಮಾತ್ರ ಇನ್ನೂ ಕೇಳಿಸಿಲ್ಲ.

ಸ್ಥಳ: ಠಾಣೆ
ದಿನಾಂಕ: ಅದೇ ದಿನ, ಮಧ್ಯಾಹ್ನ ಮೂರೂ ಮುಕ್ಕಾಲು
ಸಹಿ: ಮೈಕಕ್ಕ