ಬಾವಿ ಹಂತೇಕ ನಿಂತ ಮೋಟಾರು

ಕಂದೀಲು ಸ್ವಲ್ಪ ಸಣ್ಣದ ಮಾಡ್ರಿ... ಹಾಂ, ಸಾಕು. ಇದು ಬೆಂಗೇರ್ಯಾಗ ನಮ್ಮ ಬಾಜೂ ಮನ್ಯಾಗಿದ್ದ ಗೌಸಮೊದ್ದೀನಗ ಆದದ್ದು. ಮೋಟಾರು ರಿಪೇರಿ ಅವನ ಕಸಬು. ಆವಾಗ ದೊಡ್ಡ ಯುದ್ಧ ನಡದಿತ್ತು, ಪೆಟ್ರೋಲು ಚೀಟಿ ಮ್ಯಾಲೆ ಸಿಗತಿತ್ತು.

ಅವನ ಹೇಣ್ತಿ ರಾಜಬಿ ಚೊಚ್ಚಲ ಹೆರಿಗಿಗೆ ತೌರುಮನಿ ಶಿರಗುಪ್ಪಿಗೆ ಹೋಗಿದ್ಲು. ಬ್ಯಾನಿ ಸುರುವಾಗಿ ಎರಡು ದಿನ ಆದ್ರೂ ಹೆರಿಗಿ ಆಗಲಿಲ್ಲ. ಸೂಲಗಿತ್ತಿ ದುರಗವ್ವ ಹೊಟ್ಟಿ ಮುಟ್ಟಿ ನೋಡಿ, ಕೂಸು ಅಡ್ಡ ತಿರಗೇತಿ, ಬೆಳಗಾಗೂದರಾಗ ಹುಬ್ಬಳ್ಳಿ ದವಾಖಾನಿ ಮುಟ್ಟಬೇಕು ಅಂದ್ಲು. ಬೆಂಗೇರಿಗೆ ಸುದ್ದಿ ಮುಟ್ಟಿದ ಕೂಡಲೆ, ರಿಪೇರಿಗೆ ಬಂದಿದ್ದ ಸಾಹುಕಾರರೊಬ್ಬರ ಹಳೇ ಮೋಟಾರನ್ನ ಗೌಸಮೊದ್ದೀನ ಕಾಡಿಬೇಡಿ ಶಿರಗುಪ್ಪಿಗೆ ತಂದ. ರಾಜಬೀನ್ನ ಹಿಂದಿನ ಸೀಟಿನ್ಯಾಗ ಮಲಗಿಸಿದ. ದುರಗವ್ವ ಆಕಿ ತಲಿ ತನ್ನ ತೊಡಿ ಮ್ಯಾಲೆ ಇಟ್ಕೊಂಡು ಕುಂತ್ಲು.

ಅರ್ಧಾ ದಾರ್ಯಾಗ ರೇಡಿಯೇಟರ್ ನೀರು ಕುದ್ದು ಉಕ್ಕಿತು. ಅಲ್ಲೇ ಆಲದ ಗಿಡದ ಕೆಳಗ ಒಂದು ಬಾವಿ... ಗಾಡಿ ನಿಂದರ್ಸಿ, ನೀರು ಸೇದಿ ತಂದು, ಎಂಜಿನ್ ಆರೂತನಕ ಕಾದು ಹಾಕಿದ. ಹ್ಯಾಂಡಲ್ ತಿರುವಿದ. ಖಟ್... ಖಟ್... ಖಟ್. ಚಾಲೂ ಆಗಲಿಲ್ಲ.

ಗಾಬರಿ ಆಗಬಾರದು ಅಂತ ತನಗ ತಾನ ಹೇಳ್ಕೊಂಡ. ಟಾಕಿಯೊಳಗ ಕಡ್ಡಿ ಇಳಿಸಿ ನೋಡಿದ. ಪೆಟ್ರೋಲು ಇತ್ತು. ನಳಗಿ ಬಿಚ್ಚಿದ. ಎಂಜಿನ್‌ತನಕ ಬರಾಕತ್ತಿತ್ತು. ಪ್ಲಗ್ಗು ಬಿಚ್ಚಿ, ವಾಯರ್ ಸಮೇತ ಎಂಜಿನ್ ಮ್ಯಾಲಿಟ್ಟು ಹ್ಯಾಂಡಲ್ ತಿರುವಿದ. ಚಟ್... ನೀಲಿ ಕಿಡಿ ಹಾರಿತು. ಪೆಟ್ರೋಲು ಐತಿ, ಕಿಡಿ ಐತಿ... ಮತ್ತ ಯಾಕ?

ಪ್ಲಗ್ಗು ತಿರುಗಿ ಕುಂದರ್ಸಿ ಮತ್ತ ತಿರುವಿದ. ಮತ್ತ. ಅಂಗೈ ಸುಲದು ರಕ್ತ ಬಂತು. ಮೊದಲು ಚೀರತಿದ್ದ ರಾಜಬಿ ಈಗ ಬರೇ ನರಳತಿದ್ಲು. “ನಾಡಿ ಸಣ್ಣ ಆಗಾಕತ್ತೇತಿ, ತಮ್ಮಾ,” ಅಂತ ದುರಗವ್ವ ಮೆಲ್ಲಕ ಅಂದ್ಲು. ಅವನು ಬಾನೆಟ್ಟಿಗೆ ಹಣಿ ಹಚ್ಚಿ ಅಳಾಕತ್ತ.

ಆವಾಗ... ಬಾವಿ ಗಾಲಿ ಕಿರ್... ಕಿರ್... ಅಂತು. ಕೊಡದಾಗ ನೀರು ಬುಡುಬುಡು ತುಂಬೂ ಸಪ್ಪಳ. ಕಂದೀಲು ಹಿಡಕೊಂಡು ಹಿಂದಕ ಹೋದ. ಗಾಡಿ ಹಿಂದ ಹೆಂಗಸೊಬ್ಬಾಕಿ ನಿಂತಿದ್ಲು. ಮಾರಿ ಕಾಣಲಿಲ್ಲ.

“ಒಳಗ ಯಾರು?”

“ನನ್ನ ಹೇಣ್ತಿ, ಯಕ್ಕಾ. ಕೂಸು ಅಡ್ಡ ಆಗೇತಿ. ಗಾಡಿ ಚಾಲೂ ಆಗವಲ್ದು.”

ಆಕಿ ಕೈಗೆ ಮೆತ್ತಿದ ಕೆಸರು ಸೆರಗಿಗೆ ಒರಸ್ಕೊಂಡ್ಲು.

“ನನ್ನನ್ನೂ ಹಿಂಗ ಒಯ್ಯಾಕತ್ತಿದ್ರು, ಈ ಬಾವಿ ದಾಟಲಿಲ್ಲ,” ಅಂದ್ಲು. “ಹಿಂದಿನ ಕೊಳವಿ ನೋಡು.”

ಅವನು ಬಗ್ಗಿ ಕಂದೀಲು ಹಿಡದ. ಹೊಗಿ ಹೋಗೂ ಕೊಳವಿಯೊಳಗ ಯಾರೋ ಹಸಿ ಕೆಸರು ಗಟ್ಟ್ಯಾಗಿ ತುರಕಿದ್ರು. ಮ್ಯಾಲೆ ಬೆರಳಿನ ಗುರ್ತು ಎದ್ದು ಕಾಣತಿದ್ವು. ಹೊಗಿಗೆ ಹೊರಗ ಹೋಗಾಕ ದಾರಿನ ಇಲ್ಲಂದ್ರ ಎಂಜಿನ್ ಹೆಂಗ ಉಸರಾಡಬೇಕು? ಸ್ಕ್ರೂಡ್ರೈವರ್‌ಲೆ ಕೆದರಿ ಕೆದರಿ ತಗದ. ತಲಿ ಎತ್ತಿ ನೋಡಿದ್ರ... ಯಾರೂ ಇಲ್ಲ. ಹುಡಕಾಕ ವ್ಯಾಳ್ಯಾ ಎಲ್ಲಿತ್ತು? ಓಡಿ ಹೋಗಿ ಹ್ಯಾಂಡಲ್ ತಿರುವಿದ. ಭುರ್ರ್... ಒಂದ ಏಟಿಗೆ ಚಾಲೂ.

ಬೆಳಕು ಹರಿಯೂ ಮುಂದ ದವಾಖಾನ್ಯಾಗ ಹೆಣ್ಣು ಕೂಸು ಹುಟ್ಟಿತು. ರಾಜಬಿ ಉಳದ್ಲು.

ಮಧ್ಯಾಹ್ನ ದವಾಖಾನಿ ಕಟ್ಟಿ ಮ್ಯಾಲೆ ಕುಂತಾಗ, ಆ ಹೆಣಮಗಳು ಯಾವ ಊರಾಕಿ, ನಿನಗೇನರ ಗುರ್ತು ಹತ್ತಿತೇನು, ಆಕಿ ಮನಿಗೆ ಹೋಗಿ ಸಲಾಂ ಹೇಳಿ ಬರಬೇಕು ಅಂತ ಗೌಸಮೊದ್ದೀನ ದುರಗವ್ವನ್ನ ಕೇಳಿದ. ದುರಗವ್ವ ಅವನ ಹೆಗಲ ಮ್ಯಾಲೆ ಕೈ ಇಟ್ಲು.

“ನಾ ಹಿಂದಿನ ಗಾಜಿನ್ಯಾಗಿಂದ ನೋಡಾಕತ್ತಿದ್ದೆ, ತಮ್ಮಾ. ಅಲ್ಲೆ ನೀ ಒಬ್ಬನ ಇದ್ದಿ. ಕೇಳಿದಾಂವನೂ ನೀನ, ಹೇಳಿದಾಂವನೂ ನೀನ... ದನಿ ಮಾತ್ರ ಒಮ್ಮೆ ಗಂಡಸಿಂದು, ಒಮ್ಮೆ ಹೆಂಗಸಿಂದು.”

ಇದು ಖರೇನ ನಡದದ್ದರಿ. ದುರಗವ್ವ ಸಾಯೂತನಕ ಹಿಂಗ ಹೇಳಿದ್ಲು. ಒಂದು ಮಾತೂ ಹೆಚ್ಚುಕಡಿಮಿ ಮಾಡಲಿಲ್ಲ.